ನುಡಿಸಿದ ರಾತ್ರಿಗಳು: ಜೆರ್ರಿ ಗಾರ್ಸಿಯಾನ ನೆನಪು ಉಳಿದ ಬಗೆ

ಗಡಿನಾಡಿನ ಪ್ರದರ್ಶನ ಕಲೆಗಳ ನೆನಪು ಮತ್ತು ದಾಖಲೆಯ ಬಗ್ಗೆ ಮಾತಾಡಬೇಕು ಅಂತ ಸಂಘಟಕರು ಹೇಳಿದ್ದರು. ನಾನು ಕೊಟ್ಟ ಶೀರ್ಷಿಕೆ ನೋಡಿ ಕೆಲವರಿಗೆ ಆಶ್ಚರ್ಯ ಆಗಿರಬಹುದು. ಸಾನ್ ಫ್ರಾನ್ಸಿಸ್ಕೋದ ಹಿಪ್ಪಿ ಕಾಲದ ಒಬ್ಬ ಗಿಟಾರ್ ವಾದಕನಿಗೂ, ಸೊಲ್ಲಾಪುರ, ತಾಳವಾಡಿ, ಮಡಕಶಿರಾಗಳಲ್ಲಿ ಕೂತು ಇದನ್ನು ಕೇಳುತ್ತಿರುವ ನಮಗೂ ಎಂತ ಸಂಬಂಧ? ರಕ್ತಸಂಬಂಧ ಖಂಡಿತ ಇಲ್ಲ. ಆದರೆ ಅವನ ಕೇಳುಗರಿಗೆ ಎದುರಾದ ಒಂದು ಸಮಸ್ಯೆ ನಮ್ಮದೂ ಹೌದು.

ನಾನು ಕಾಸರಗೋಡಿನವನು. ಸುಮಾರು ಹತ್ತು ವರ್ಷದಿಂದ ನಮ್ಮ ಕಡೆಯ ಮನೆಗಳಲ್ಲಿ ಉಳಿದಿರುವ ತಾಳಮದ್ದಳೆಯ ಹಳೇ ಕ್ಯಾಸೆಟ್ಟುಗಳನ್ನು ಒಟ್ಟು ಮಾಡುವ ಕೆಲಸದಲ್ಲಿ ಇದ್ದೇನೆ. ತಾಳಮದ್ದಳೆ ಗೊತ್ತಿಲ್ಲದವರಿಗೆ ಒಂದು ಮಾತು: ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪದ್ಯಕ್ಕೆ ಮಾತು ಕಟ್ಟುತ್ತಾರೆ. ಪದ್ಯ ಮೊದಲೇ ಬರೆದಿಟ್ಟದ್ದು, ಮಾತು ಆ ಹೊತ್ತಿಗೆ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇವತ್ತು ಹೇಗಿತ್ತೋ ನಾಳೆ ಹಾಗೆ ಇರಲಿಕ್ಕಿಲ್ಲ. ಎದುರಿನ ರಾಮ ಬದಲಾದರೆ ವಾಲಿಯೂ ಬದಲಾಗುತ್ತಾನೆ. ಇಂಥ ಕಲಾವಿದರು ತೀರಿಹೋದ ಮೇಲೆ ನಾವು ನೆನಪಿಡಬೇಕಾದದ್ದು ಯಾವುದನ್ನು? ಈ ಪ್ರಶ್ನೆ ಹಿಡಿದುಕೊಂಡು ಹುಡುಕುವಾಗ ನಾನು ಹೋಗಿ ತಲುಪಿದ್ದು ಜೆರ್ರಿ ಗಾರ್ಸಿಯಾ ಎಂಬವನ ಹತ್ತಿರ.

ಯಾರು ಈ ಗಾರ್ಸಿಯಾ

ಜೆರೋಮ್ ಜಾನ್ ಗಾರ್ಸಿಯಾ ಹುಟ್ಟಿದ್ದು 1942ರ ಆಗಸ್ಟ್ 1ರಂದು, ಸಾನ್ ಫ್ರಾನ್ಸಿಸ್ಕೋದಲ್ಲಿ. ತಂದೆ ಸ್ಪೇನಿನ ಗಲೀಸಿಯಾದಿಂದ ವಲಸೆ ಬಂದ ಸಂಗೀತಗಾರ. ಹುಡುಗನಿಗೆ ನಾಲ್ಕು ವರ್ಷ ಇದ್ದಾಗ ಅಣ್ಣ ಸೌದೆ ಒಡೆಯುವ ಹೊತ್ತಿನಲ್ಲಿ ಕೊಡಲಿ ತಾಗಿ ಬಲಗೈಯ ನಡುಬೆರಳಿನ ಹೆಚ್ಚಿನ ಭಾಗ ಹೋಯಿತು. ಮರುವರ್ಷ, ಅಂದ್ರೆ 1947ರಲ್ಲಿ, ತಂದೆ ನದಿಯಲ್ಲಿ ಮೀನು ಹಿಡಿಯುವಾಗ ಮುಳುಗಿ ಸತ್ತ. ತಾಯಿ ಬಾರ್ ನಡೆಸಿ ಮಕ್ಕಳನ್ನು ಸಾಕಿದಳು. ಹದಿನೈದನೆಯ ಹುಟ್ಟುಹಬ್ಬಕ್ಕೆ ಅವಳು ಅಕಾರ್ಡಿಯನ್ ತಂದುಕೊಟ್ಟರೆ, ಮಗ ಹಟ ಹಿಡಿದು ಅದನ್ನು ಕೊಡಿಸಿ ಎಲೆಕ್ಟ್ರಿಕ್ ಗಿಟಾರ್ ತೆಗೆದುಕೊಂಡ.

1960ರಲ್ಲಿ ಸೈನ್ಯಕ್ಕೆ ಸೇರಿದ, ಶಿಸ್ತಿಗೆ ಒಗ್ಗದೆ ಅದೇ ವರ್ಷ ಹೊರಬಿದ್ದ. 1961ರ ಫೆಬ್ರವರಿಯಲ್ಲಿ ಒಂದು ಕಾರು ಅಪಘಾತದಲ್ಲಿ ಜೊತೆಯಲ್ಲಿದ್ದ ಗೆಳೆಯ ಸತ್ತ, ಇವನು ಉಳಿದ. ಅಲ್ಲಿಂದ ಮುಂದೆ ಬದುಕನ್ನು ಗಂಭೀರವಾಗಿ ತೆಗೆದುಕೊಂಡೆ ಅಂತ ಅವನೇ ಹೇಳಿಕೊಂಡದ್ದುಂಟು. ನಂತರದ ಕೆಲವು ವರ್ಷ ದಿನವಿಡೀ ಬ್ಯಾಂಜೋ ಅಭ್ಯಾಸ. ಬ್ಯಾಂಜೋ ಅಂದ್ರೆ ಅಮೆರಿಕದ ಗುಡ್ಡಗಾಡಿನ ಜನಪದ ವಾದ್ಯ. ಅದರಲ್ಲಿ ಸ್ವರ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಹಾಗಾಗಿ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ, ಚೊಕ್ಕವಾಗಿ ಮೀಟಬೇಕು. ಈ ಅಭ್ಯಾಸ ಅವನ ಗಿಟಾರಿಗೂ ಬಂತು. ಆ ಕಾಲದ ರಾಕ್ ಗಿಟಾರಿಗರು ಗದ್ದಲದ ಕಡೆಗೆ ಹೋಗುತ್ತಿದ್ದಾಗ ಗಾರ್ಸಿಯಾನ ಸ್ವರಗಳನ್ನು ಹರಳು ಎಣಿಸಿದ ಹಾಗೆ ಎಣಿಸಬಹುದು.

1965ರಲ್ಲಿ ಅವನು ಗೆಳೆಯರ ಜೊತೆ ಕಟ್ಟಿದ ತಂಡಕ್ಕೆ ಕೆಲವೇ ತಿಂಗಳಲ್ಲಿ ‘ಗ್ರೇಟ್‌ಫುಲ್ ಡೆಡ್’ ಅಂತ ಹೆಸರಾಯಿತು. ನಿಘಂಟು ತೆರೆದಾಗ ಕಣ್ಣಿಗೆ ಬಿದ್ದ ಪದ ಅದು. ಇಲ್ಲಿ ಜಾನಪದದ ವಿದ್ಯಾರ್ಥಿಗಳು ಇದ್ದೀರಿ, ನಿಮಗೆ ಇದು ಗೊತ್ತಿರುವ ಕಥಾಮಾದರಿ: ದಿಕ್ಕಿಲ್ಲದೆ ಬಿದ್ದ ಹೆಣಕ್ಕೆ ದಾರಿಹೋಕನೊಬ್ಬ ತನ್ನ ದುಡ್ಡಿನಿಂದ ಸಂಸ್ಕಾರ ಮಾಡಿಸುತ್ತಾನೆ, ಆ ಸತ್ತವನು ಮುಂದೆ ಅವನ ಸಹಾಯಕ್ಕೆ ಬರುತ್ತಾನೆ. ಉಪಕಾರ ನೆನೆಯುವ ಪ್ರೇತ ಅಂತ ಹೇಳಬಹುದು.

ಸೈಕೆಡೆಲಿಕ್ ಅಂದ್ರೆ ಎಂತದು

ಈ ಪದಕ್ಕೆ ಮೂಲ ಅರ್ಥ ಮನಸ್ಸನ್ನು ತೆರೆದು ತೋರಿಸುವಂಥದ್ದು ಅಂತ. ಅದು ಎಲ್‌ಎಸ್‌ಡಿ ಎಂಬ ಮಾದಕದ ಜೊತೆಗೆ ಅಂಟಿಕೊಂಡು ಬಂದ ಪದ. ಕಾದಂಬರಿಕಾರ ಕೆನ್ ಕೀಸಿ ಮತ್ತು ಅವನ ಸಂಗಡಿಗರು 1965–66ರಲ್ಲಿ ‘ಆ್ಯಸಿಡ್ ಟೆಸ್ಟ್’ ಎಂಬ ಕೂಟಗಳನ್ನು ನಡೆಸಿದರು. ಅಲ್ಲಿ ಗಾರ್ಸಿಯಾನ ತಂಡ ನುಡಿಸಿತು. ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಸ್‌ಡಿಗೆ ಕಾನೂನಿನ ನಿಷೇಧ ಬಂದದ್ದು 1966ರ ಅಕ್ಟೋಬರ್ 6ರಂದು. 1967ರ ಜನವರಿ 14ರಂದು ಗೋಲ್ಡನ್ ಗೇಟ್ ಪಾರ್ಕಿನಲ್ಲಿ ‘ಹ್ಯೂಮನ್ ಬಿ-ಇನ್’ ಎಂಬ ಬಯಲು ಕೂಟ ಆಯಿತು, ಸಾವಿರಾರು ಯುವಜನ ಸೇರಿದರು. ಹೇಟ್-ಆ್ಯಶ್‌ಬರಿ ಎಂಬ ಕೇರಿಯ 710 ನಂಬರಿನ ಮನೆಯಲ್ಲಿ ತಂಡ ಒಟ್ಟಿಗೆ ವಾಸ ಮಾಡುತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಆ ಮನೆಗೆ ಪೊಲೀಸರ ದಾಳಿ, ಅದೇ ವಾರ ಅದೇ ಬೀದಿಯ ಜನ ಬೇಸತ್ತು ‘ಹಿಪ್ಪಿ’ಗೆ ಅಣಕು ಶವಯಾತ್ರೆ ಮಾಡಿದರು. ಹಿಪ್ಪಿ ಯುಗ ಅಂತ ನಾವು ದೊಡ್ಡದಾಗಿ ಹೇಳುವುದು ಆ ಬೀದಿಯಲ್ಲಿ ಎರಡು ವರ್ಷವೂ ಸರಿಯಾಗಿ ಬಾಳಲಿಲ್ಲ.

ಉಳಿದದ್ದು ಒಂದು ಸಂಗೀತದ ಕ್ರಮ. ‘ಡಾರ್ಕ್ ಸ್ಟಾರ್’ ಎಂಬ ಹಾಡನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸಾಹಿತ್ಯ ಗಾರ್ಸಿಯಾನ ಹಳೇ ಗೆಳೆಯ ರಾಬರ್ಟ್ ಹಂಟರನದು. 1968ರಲ್ಲಿ ಅದು ಸಣ್ಣ ರೆಕಾರ್ಡ್ ಆಗಿ ಬಂದಾಗ ಮೂರು ನಿಮಿಷವೂ ಇರಲಿಲ್ಲ. ಯಾರೂ ಹೆಚ್ಚು ಕೊಳ್ಳಲಿಲ್ಲ. ಅದೇ ಹಾಡನ್ನು 1969ರ ಫೆಬ್ರವರಿ 27ರ ರಾತ್ರಿ ಫಿಲ್‌ಮೋರ್ ವೆಸ್ಟ್ ಸಭಾಂಗಣದಲ್ಲಿ ನುಡಿಸಿದಾಗ 23 ನಿಮಿಷ ಆಯಿತು. ಅದು ಆ ವರ್ಷದ ‘ಲೈವ್/ಡೆಡ್’ ಆಲ್ಬಮ್ಮಿನಲ್ಲಿ ಇದೆ. ಹಾಡಿನ ಸಾಹಿತ್ಯ ಕೆಲವೇ ಸಾಲು. ಉಳಿದದ್ದೆಲ್ಲ ತೆರೆದ ಬಯಲು.

ನಮ್ಮ ಕಿವಿಗೆ ಇದು ಅಷ್ಟೇನೂ ಅಪರಿಚಿತ ಅಲ್ಲ. ಪಾಶ್ಚಾತ್ಯರು ಮಿಕ್ಸೋಲಿಡಿಯನ್ ಅಂತ ಕರೆಯುವ ಸ್ವರಶ್ರೇಣಿಯಲ್ಲಿ ಅದು ಓಡಾಡುತ್ತದೆ. ಅಂದ್ರೆ ಕರ್ನಾಟಕ ಪದ್ಧತಿಯ ಹರಿಕಾಂಭೋಜಿ ಮೇಳದ ಸ್ವರಗಳು, ಹಿಂದೂಸ್ತಾನಿಯವರ ಖಮಾಜ್ ಥಾಟ್. ಆದರೆ ರಾಗ ಅಲ್ಲ, ಗಮಕ ಇಲ್ಲ. ಜೊತೆಯ ಬೇಸ್ ಗಿಟಾರ್, ಡ್ರಮ್ಸ್ ಇವನ ಹಿಂದೆ ಬರುವುದಿಲ್ಲ, ಪಕ್ಕದಲ್ಲಿ ತಮ್ಮದೇ ಮಾತಾಡುತ್ತಾ ಬರುತ್ತವೆ. ಒಬ್ಬ ಒಂದು ದಾರಿ ಹಿಡಿದರೆ ಇನ್ನೊಬ್ಬ ಅದನ್ನು ಒಪ್ಪಬಹುದು, ತಿರುಗಿಸಬಹುದು, ಕೆಲವೊಮ್ಮೆ ಕೆಡಿಸಲೂಬಹುದು. ಅರ್ಥಧಾರಿಗಳ ಸಂವಾದ ಕೇಳಿದವರಿಗೆ ಈ ಆಟ ಬೇಗ ಹಿಡಿಸುತ್ತದೆ.

ಭಾರತದ ಎಳೆ ಇಲ್ಲಿ ನಿಜವಾಗಿಯೂ ಉಂಟು. ತಂಡದ ಡ್ರಮ್ಮರ್ ಮಿಕ್ಕಿ ಹಾರ್ಟ್, ತಬಲಾ ಮಾಂತ್ರಿಕ ಅಲ್ಲಾರಖಾ ಅವರ ಲಯದಿಂದ ಆಳವಾಗಿ ಪ್ರಭಾವಿತನಾದವನು. ಅಲಿ ಅಕ್ಬರ್ ಖಾನರ ಸಂಗೀತ ಶಾಲೆ ಇದ್ದದ್ದು ಗಾರ್ಸಿಯಾ ವಾಸವಾಗಿದ್ದ ಮರಿನ್ ಕೌಂಟಿಯಲ್ಲೇ. ಅಲ್ಲಿ ತಬಲಾ ಕಲಿಸುತ್ತಿದ್ದ ಜಾಕಿರ್ ಹುಸೇನ್ ತಮ್ಮ ವಿದ್ಯಾರ್ಥಿಗಳನ್ನೂ ಹಾರ್ಟನನ್ನೂ ಸೇರಿಸಿ ‘ದಿಗಾ’ ಎಂಬ ಆಲ್ಬಮ್ ಮಾಡಿದರು, 1976ರಲ್ಲಿ. ಅದರಲ್ಲಿ ಗಾರ್ಸಿಯಾನ ಗಿಟಾರ್ ಉಂಟು. ಇದೇ ಅಲಿ ಅಕ್ಬರ್ ಖಾನರ ಶಿಷ್ಯರು ನಮ್ಮ ರಾಜೀವ ತಾರಾನಾಥರು ಎಂಬುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಕೇಳುಗರ ಕ್ಯಾಸೆಟ್ಟು

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂವತ್ತು ವರ್ಷಗಳಲ್ಲಿ ಈ ತಂಡ ಕೊಟ್ಟದ್ದು ಸುಮಾರು 2,300 ಕಛೇರಿ. ಒಂದರ ಹಾಗೆ ಇನ್ನೊಂದು ಇಲ್ಲ. ಕಂಪನಿಯ ಆಲ್ಬಮ್ಮುಗಳಲ್ಲಿ ಸಿಗುವುದು ಇದರ ಚೂರು ಮಾತ್ರ. ಹಾಗಾಗಿ ಕೇಳುಗರು 1970ರ ದಶಕದ ಆರಂಭದಲ್ಲೇ ಟೇಪ್ ರೆಕಾರ್ಡರ್ ಬಚ್ಚಿಟ್ಟುಕೊಂಡು ಹೋಗಿ ಧ್ವನಿಮುದ್ರಣ ಮಾಡತೊಡಗಿದರು. ಬೇರೆ ತಂಡಗಳು ಇಂಥವರನ್ನು ಹಿಡಿದು ಹೊರಗೆ ಹಾಕುತ್ತಿದ್ದ ಕಾಲ. ಇವರು ಕಂಡೂ ಕಾಣದ ಹಾಗೆ ಇದ್ದರು. ನಾವು ನುಡಿಸಿ ಮುಗಿಸಿದ ಮೇಲೆ ಅದು ಕೇಳುಗರದ್ದು ಎಂಬುದು ಗಾರ್ಸಿಯಾನ ನಿಲುವು. 1984ರ ಅಕ್ಟೋಬರಿನಿಂದ ಟೇಪ್ ಮಾಡುವವರಿಗೆ ಅಂತಲೇ ಪ್ರತ್ಯೇಕ ಜಾಗ, ಪ್ರತ್ಯೇಕ ಟಿಕೆಟು ಕೊಟ್ಟರು.

ನನಗೆ ಕುತೂಹಲ ಹುಟ್ಟಿಸಿದ್ದು ಆ ಕೇಳುಗರು ತಾವೇ ಕಟ್ಟಿಕೊಂಡ ಕಟ್ಟಳೆ. ಮೊದಲನೆಯದು, ದುಡ್ಡಿಗೆ ಮಾರುವ ಹಾಗಿಲ್ಲ. ನಿನ್ನ ಹತ್ತಿರ ಏನೂ ಇಲ್ಲದಿದ್ದರೆ ಖಾಲಿ ಕ್ಯಾಸೆಟ್ಟು ಮತ್ತು ವಾಪಸು ಅಂಚೆಯ ಖರ್ಚು ಕಳಿಸು, ತುಂಬಿಸಿ ಕಳಿಸುತ್ತೇನೆ ಎಂಬುದು ರಿವಾಜು. ಎರಡನೆಯದು, ಪೆಟ್ಟಿಗೆಯ ಕಾಗದದ ಮೇಲೆ ತಾರೀಕು, ಊರು, ಸಭಾಂಗಣ, ಹಾಡುಗಳ ಅನುಕ್ರಮ ಬರೆಯಲೇಬೇಕು. ಮೂರನೆಯದು, ಇದು ಮೂಲದಿಂದ ಎಷ್ಟನೆಯ ಪ್ರತಿ ಅಂತ ಹೇಳಬೇಕು. ಯಾಕೆಂದರೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದ ಹಾಗೆ ಸ್ವರ ಮಂಕಾಗುತ್ತದೆ, ‘ಹಿಸ್ಸ್’ ಎಂಬ ಸದ್ದು ಹೆಚ್ಚುತ್ತದೆ. ಹಸ್ತಪ್ರತಿ ಶಾಸ್ತ್ರದವರು ಪ್ರತಿಯಿಂದ ಪ್ರತಿಗೆ ಪಾಠ ಕೆಡುವುದನ್ನು ಲೆಕ್ಕ ಇಡುತ್ತಾರಲ್ಲ, ಅದೇ ಕೆಲಸವನ್ನು ಕೂದಲು ಬಿಟ್ಟ ಹುಡುಗರು ಮಾಡುತ್ತಿದ್ದರು.

ಕಂಪ್ಯೂಟರ್ ಬಂದ ಮೇಲೆ ಇವೆಲ್ಲ ಇಂಟರ್‌ನೆಟ್ ಆರ್ಕೈವಿಗೆ ಹೋದವು. 2005ರ ನವೆಂಬರಿನಲ್ಲಿ ತಂಡದ ಕಡೆಯವರು ಡೌನ್‌ಲೋಡ್ ನಿಲ್ಲಿಸಿದಾಗ ಕೇಳುಗರು ದೊಡ್ಡ ಗಲಾಟೆಯನ್ನೇ ಮಾಡಿದರು. ಕೆಲವೇ ದಿನದಲ್ಲಿ ರಾಜಿ ಆಯಿತು: ಸಭಿಕರು ಮಾಡಿದ ಮುದ್ರಣಗಳನ್ನು ಇಳಿಸಿಕೊಳ್ಳಬಹುದು, ವೇದಿಕೆಯ ಮಿಕ್ಸರಿನಿಂದ ತೆಗೆದದ್ದನ್ನು ಅಲ್ಲೇ ಕೇಳಬಹುದು. ಇವತ್ತಿಗೂ ಸಾವಿರಾರು ರಾತ್ರಿಗಳು ಅಲ್ಲಿ ತಾರೀಕಿನ ಅನುಕ್ರಮದಲ್ಲಿ ಇವೆ.

ತಂಡದ ಸ್ವಂತ ಟೇಪುಗಳ ಕಥೆಯೂ ಹೇಳಬೇಕು. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಧ್ವನಿತಂತ್ರಜ್ಞೆ 1970ರ ದಶಕದಲ್ಲಿ ಎಷ್ಟೋ ಕಛೇರಿಗಳನ್ನು ಬಹಳ ಚೆನ್ನಾಗಿ ಮುದ್ರಿಸಿದ್ದಳು. ಗೋದಾಮಿನ ಬಾಡಿಗೆ ಕಟ್ಟಲಾಗದೆ 1986ರಲ್ಲಿ ಅವಳ ಸಾಮಾನೆಲ್ಲ ಹರಾಜಿಗೆ ಹೋಯಿತು, ಟೇಪುಗಳೂ ಹೋದವು. ಕೊಂಡವರಿಂದ ಅವು ಅಭಿಮಾನಿಗಳ ಕೈಗೆ ಬಂದು, ಪ್ರತಿಯಾಗಿ ಹಬ್ಬಿದವು. ಅವಳು ಮುದ್ರಿಸಿದ 1977ರ ಮೇ 8ರ ಕಾರ್ನೆಲ್ ವಿಶ್ವವಿದ್ಯಾಲಯದ ಕಛೇರಿಯನ್ನು ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಬಾಡಿಗೆ ಬಾಕಿಗೆ ಹರಾಜಾದ ಪೆಟ್ಟಿಗೆಯ ಸರಕು ರಾಷ್ಟ್ರದ ಆಸ್ತಿ ಆಯಿತು ನೋಡಿ. ಮುದ್ರಿಸಿದವಳಿಗೆ ಏನು ಸಿಕ್ಕಿತು ಅಂತಲೂ ನಾವು ಕೇಳಬೇಕು. ಹೆಸರು ಸಿಕ್ಕಿತು, ಪೆಟ್ಟಿಗೆ ಕಳೆಯಿತು.

ಕೆಟ್ಟ ರಾತ್ರಿಗಳು

ನಮ್ಮಲ್ಲಿ ಸಂಸ್ಮರಣೆ ಅಂದ್ರೆ ಸಾಮಾನ್ಯವಾಗಿ ಏನು? ಭಾವಚಿತ್ರಕ್ಕೆ ಹಾರ, ಶಾಲು, ಸ್ಮರಣ ಸಂಚಿಕೆ. ಅದರಲ್ಲಿ ಬರೆದ ಎಲ್ಲರೂ ಅಜಾತಶತ್ರುಗಳು, ಎಲ್ಲರದ್ದೂ ಅಪ್ರತಿಮ ಪ್ರತಿಭೆ. ಗಾರ್ಸಿಯಾನ ಬಗ್ಗೆಯೂ ಅಂಥ ಸಂಚಿಕೆಗಳು ಬಂದಿವೆ. ಬಣ್ಣ ಹಾಕಿದ ಅಂಗಿ, ಗಡ್ಡ, ಮುಗುಳುನಗೆಯ ಮುದುಕ.

ಟೇಪು ಹಾಗೆ ಸುಳ್ಳು ಹೇಳುವುದಿಲ್ಲ. 1970ರ ದಶಕದ ನಡುವಿನಿಂದ ಅವನಿಗೆ ಹೆರಾಯಿನ್ ಅಂಟಿತು. 1985ರ ಜನವರಿಯಲ್ಲಿ ಗೋಲ್ಡನ್ ಗೇಟ್ ಪಾರ್ಕಿನಲ್ಲೇ, ಅಂದ್ರೆ ಹದಿನೆಂಟು ವರ್ಷದ ಹಿಂದೆ ಅವನು ಸಾವಿರಾರು ಜನರಿಗೆ ನುಡಿಸಿದ ಅದೇ ಪಾರ್ಕಿನಲ್ಲಿ, ಕಾರಿನಲ್ಲಿ ಮಾದಕವಸ್ತು ಇಟ್ಟುಕೊಂಡದ್ದಕ್ಕೆ ಪೊಲೀಸರು ಹಿಡಿದರು. 1986ರ ಜುಲೈಯಲ್ಲಿ ಸಕ್ಕರೆ ಕಾಯಿಲೆ ವಿಪರೀತವಾಗಿ ಕೋಮಾಕ್ಕೆ ಹೋದ. ಎದ್ದಾಗ ಗಿಟಾರ್ ಕೈಗೆ ಬರುತ್ತಿರಲಿಲ್ಲ. ಕೀಬೋರ್ಡ್ ವಾದಕ ಮರ್ಲ್ ಸಾಂಡರ್ಸ್ ದಿನಾ ಬಂದು ಜೊತೆಗೆ ಕೂತು, ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ ಕಲಿಸಿದ. ಮರುವರ್ಷ, 1987ರಲ್ಲಿ, ‘ಟಚ್ ಆಫ್ ಗ್ರೇ’ ಎಂಬ ಹಾಡು ಅಮೆರಿಕದ ಮೊದಲ ಹತ್ತರೊಳಗೆ ಬಂತು. ಇಪ್ಪತ್ತೆರಡು ವರ್ಷದ ತಂಡಕ್ಕೆ ಅದು ಆ ಮಟ್ಟದ ಮೊದಲ ಗೆಲುವು.

ಆ ಗೆಲುವೇ ಭಾರವೂ ಆಯಿತು. ದೊಡ್ಡ ದೊಡ್ಡ ಸ್ಟೇಡಿಯಂ, ಒಳಗಿನಷ್ಟೇ ಜನ ಹೊರಗೆ. 1995ರ ಜುಲೈ 2ರಂದು ಇಂಡಿಯಾನಾದ ಡಿಯರ್ ಕ್ರೀಕಿನಲ್ಲಿ ಟಿಕೆಟಿಲ್ಲದವರು ಬೇಲಿ ಮುರಿದು ನುಗ್ಗಿದರು, ಮರುದಿನದ ಕಛೇರಿ ರದ್ದಾಯಿತು. ಹಂಚಿ ತಿನ್ನುವ ಸಮುದಾಯ ಅಂತ ಹೆಸರಾದವರ ನಡುವೆಯೇ ಇದು ನಡೆದದ್ದು. ಅವನ ತಂಡದ ಕೊನೆಯ ಕಛೇರಿ ಜುಲೈ 9ರಂದು ಶಿಕಾಗೋದಲ್ಲಿ. ಒಂದು ತಿಂಗಳಿಗೆ ಸರಿಯಾಗಿ, ಆಗಸ್ಟ್ 9ರಂದು, ಚಟ ಬಿಡಿಸುವ ಕೇಂದ್ರವೊಂದರ ಕೋಣೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 53.

ಕೊನೆಯ ವರ್ಷಗಳ ಟೇಪು ಕೇಳಿದರೆ ಕಷ್ಟ ಆಗುತ್ತದೆ. ಸಾಹಿತ್ಯ ಮರೆಯುತ್ತಾನೆ, ಸ್ವರ ತಡವಾಗಿ ಬರುತ್ತದೆ. ನಡುವೆ ಎಲ್ಲೋ ಒಂದು ಹಾಡಿನಲ್ಲಿ ಹಳೇ ಮನುಷ್ಯ ಎದ್ದು ಬಂದ ಹಾಗೆ ಆಗಿ ಮತ್ತೆ ಮುಳುಗುತ್ತದೆ. ಅವನನ್ನು ದೇವರ ಹಾಗೆ ಕಾಣುತ್ತಿದ್ದ ಜನ ಈ ಟೇಪುಗಳನ್ನು ಅಳಿಸಲಿಲ್ಲ, ಬಚ್ಚಿಡಲಿಲ್ಲ. ಒಳ್ಳೆಯ ರಾತ್ರಿಗಳ ಸಾಲಿನಲ್ಲೇ ತಾರೀಕು ಹಾಕಿ ಇಟ್ಟರು. ಈ ಒಂದು ಕಾರಣಕ್ಕೆ ನಾನು ಅವರಿಗೆ ಕೈಮುಗಿಯುತ್ತೇನೆ. ಮಾದಕದ ಬೆಲೆ ಎಷ್ಟು ಅಂತ ಹೇಳಲಿಕ್ಕೆ ಉಪದೇಶ ಬೇಡ, 1969ರ ಒಂದು ರಾತ್ರಿ, 1995ರ ಒಂದು ರಾತ್ರಿ ಅಕ್ಕಪಕ್ಕ ಇಟ್ಟು ಕೇಳಿದರೆ ಸಾಕು.

ಗಿಟಾರೂ ಬೂದಿಯೂ

ಸತ್ತ ಮೇಲೆ ವಸ್ತುಗಳಿಗೆ ಜಗಳ ಆಯಿತು. ಡಗ್ ಇರ್ವಿನ್ ಎಂಬ ಕುಶಲಿ ಮಾಡಿಕೊಟ್ಟ ಗಿಟಾರುಗಳು ಅವನಿಗೇ ವಾಪಸು ಹೋಗಲಿ ಅಂತ ಗಾರ್ಸಿಯಾ ಉಯಿಲು ಬರೆದಿದ್ದ. ಅವು ತಂಡದ ಆಸ್ತಿ ಅಂತ ಉಳಿದವರು ವಾದಿಸಿದರು. ಕೊನೆಗೆ ರಾಜಿಯಾಗಿ ಇರ್ವಿನನಿಗೆ ‘ವುಲ್ಫ್’, ‘ಟೈಗರ್’ ಎಂಬ ಎರಡು ಸಿಕ್ಕವು. 2002ರಲ್ಲಿ ಅವೆರಡೂ ಹರಾಜಾದವು. ‘ವುಲ್ಫ್’ 2017ರಲ್ಲಿ ಮತ್ತೆ 19 ಲಕ್ಷ ಡಾಲರಿಗೆ ಹೋಯಿತು, ಆ ದುಡ್ಡು ನಾಗರಿಕ ಹಕ್ಕುಗಳ ಸಂಸ್ಥೆಯೊಂದಕ್ಕೆ ಸಂದಿತು. ಚಿತಾಭಸ್ಮದ ಒಂದು ಪಾಲನ್ನು 1996ರ ಏಪ್ರಿಲಿನಲ್ಲಿ ಅವನ ಹೆಂಡತಿ ಮತ್ತು ಜೊತೆಗಾರ ಬಾಬ್ ವಿಯರ್ ಹೃಷಿಕೇಶಕ್ಕೆ ತಂದು ಗಂಗೆಯಲ್ಲಿ ಬಿಟ್ಟರು. ಉಳಿದದ್ದನ್ನು ಗೋಲ್ಡನ್ ಗೇಟ್ ಸೇತುವೆಯ ಕಡಲಿಗೆ. ತಂಡದ ಕಾಗದಪತ್ರಗಳು 2008ರಲ್ಲಿ ಸಾಂತಾ ಕ್ರೂಜ್‌ನ ವಿಶ್ವವಿದ್ಯಾಲಯಕ್ಕೆ ಸೇರಿದವು.

ಗಿಟಾರು ಕೋಟ್ಯಧೀಶರ ಮನೆಗೆ ಹೋಯಿತು, ಬೂದಿ ನೀರಿಗೆ ಹೋಯಿತು. ನುಡಿಸಿದ ರಾತ್ರಿಗಳು ಮಾತ್ರ ದುಡ್ಡು ಕೊಡದೆ ಯಾರಿಗೂ ಸಿಗುತ್ತವೆ. ಯಾಕೆಂದರೆ ಅವುಗಳನ್ನು ಕಾಯ್ದವರು ಸಾವಿರಾರು ಮಂದಿ, ಒಬ್ಬೊಬ್ಬರ ಮನೆಯಲ್ಲಿ ಸ್ವಲ್ಪ ಸ್ವಲ್ಪ.

ನಮ್ಮ ಪೆಟ್ಟಿಗೆಗಳು

ನಮ್ಮ ಕಡೆಯೂ ತಾಳಮದ್ದಳೆಗೆ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗಿ ಮೈಕಿನ ಬುಡದಲ್ಲಿ ಕೂರುವವರು ಇದ್ದರು. ಅವರೂ ದುಡ್ಡಿಗೆ ಮಾಡಿದ್ದಲ್ಲ. ಆದರೆ ನನ್ನ ಕೈಗೆ ಬಂದ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವುಗಳ ಮೇಲೆ ಇರುವುದು ‘ವಾಲಿವಧೆ – 2’ ಇಷ್ಟೇ. ಯಾವ ವರ್ಷ, ಯಾವ ಊರು, ಭಾಗವತರು ಯಾರು, ರಾಮ ಯಾರು, ಏನೂ ಇಲ್ಲ. ಮುದ್ರಿಸಿದವರಿಗೆ ಅದು ಬಾಯಿಪಾಠ ಇತ್ತು, ಬರೆಯುವ ಅಗತ್ಯ ಕಾಣಲಿಲ್ಲ. ಈಗ ಅವರು ಇಲ್ಲ. ನಮ್ಮ ಮಳೆಗಾಲಕ್ಕೆ ರೀಲಿಗೆ ಬೂಷ್ಟು ಹಿಡಿಯುತ್ತದೆ. ಮಕ್ಕಳು ಮಲಯಾಳ ಮಾಧ್ಯಮದಲ್ಲೋ ಇಂಗ್ಲಿಷ್ ಮಾಧ್ಯಮದಲ್ಲೋ ಓದಿದವರು, ಅಜ್ಜನ ಪೆಟ್ಟಿಗೆಯ ಬೆಲೆ ಅವರಿಗೆ ಯಾರೂ ಹೇಳಿಲ್ಲ. ಅಕ್ಕಲಕೋಟೆ, ಜತ್ತ ಕಡೆಯ ಭಜನೆ, ತತ್ವಪದದ ಟೇಪುಗಳ ಗತಿಯೂ ಇದೇ ಅಂತ ಆ ಕಡೆಯ ಗೆಳೆಯರು ಹೇಳುತ್ತಾರೆ. ಗಡಿಯ ಆಚೆ ಇರುವ ನಮಗೆ ಅಕಾಡೆಮಿಗಳು ದೂರ, ಈಚೆಯ ಸರಕಾರಕ್ಕೆ ನಮ್ಮ ಭಾಷೆ ದೂರ. ಕಾಯುವವರು ನಾವೇ.

ಹಾಗಾಗಿ ನನ್ನದು ನಾಲ್ಕು ಕೋರಿಕೆ. ಕ್ಯಾಸೆಟ್ಟು ಸಿಕ್ಕಿದ ದಿನವೇ, ಅದರ ಬಗ್ಗೆ ಗೊತ್ತಿರುವ ಒಬ್ಬರು ಬದುಕಿರುವಾಗಲೇ, ತಾರೀಕು, ಊರು, ಹೆಸರು ಕೇಳಿ ಬರೆದಿಡಿ. ಒಂದೇ ಕಡೆ ಇಡಬೇಡಿ, ಮೂರು ಮನೆಗೆ ಪ್ರತಿ ಹಂಚಿ. ಮಾರಬೇಡಿ, ಕಲಾವಿದರಿಗೆ ಅಥವಾ ಅವರ ಮನೆಯವರಿಗೆ ತಿಳಿಸದೆ ಎಲ್ಲೂ ಹಾಕಬೇಡಿ. ಕೊನೆಯದು: ಸ್ವರ ಕೆಟ್ಟ ರಾತ್ರಿ, ಮಾತು ತಪ್ಪಿದ ರಾತ್ರಿ, ಇಬ್ಬರು ಅರ್ಥಧಾರಿಗಳು ಪ್ರಸಂಗ ಬಿಟ್ಟು ನಿಜಕ್ಕೂ ಜಗಳಾಡಿದ ರಾತ್ರಿ, ಇವನ್ನು ಅಳಿಸಬೇಡಿ. ಒಳ್ಳೆಯದನ್ನು ಆರಿಸಿಡುವ ಹಕ್ಕು ಮುಂದಿನವರಿಗೂ ಇರಲಿ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ, ಈ ಗಾರ್ಸಿಯಾನನ್ನು ಹೊಸಬರು ಎಲ್ಲಿಂದ ಕೇಳಲು ಶುರುಮಾಡಬೇಕು ಅಂತ. ಮೊದಲು 1969ರ ಫೆಬ್ರವರಿ 27ರ ‘ಡಾರ್ಕ್ ಸ್ಟಾರ್’ ಕೇಳಿ, ರಾತ್ರಿ ಹೊತ್ತು, ಬೇರೆ ಕೆಲಸ ಇಲ್ಲದಾಗ. ಅದು ಹಿಡಿಸದಿದ್ದರೆ 1970ರ ‘ಅಮೆರಿಕನ್ ಬ್ಯೂಟಿ’ ಆಲ್ಬಮ್, ಅದರಲ್ಲಿ ಸಣ್ಣ ಸಣ್ಣ ಹಾಡು, ಜನಪದದ ವಾಸನೆ ಉಂಟು. ಮೂರನೆಯದಾಗಿ 1995ರ ಜುಲೈ 9, ಶಿಕಾಗೋ. ಪೂರ್ತಿ ಕೇಳಲಿಕ್ಕೆ ಆಗದಿದ್ದರೆ ಅರ್ಧ ಗಂಟೆ ಕೇಳಿ, ಆದರೆ ಅದನ್ನು ಬಿಟ್ಟುಬಿಡಬೇಡಿ.